ಭೂನ್ಯಾಯ ಮಂಡಳಿಯ ಆದೇಶವೇ ಸಂವಿಧಾನಬಾಹಿರ ಅಂತ ನೋಟಿಸ್ ಬಂದಿದೆ. ಬದುವಿನ ತಕರಾರಿಗೆ ಎಲ್ಲಿಗೆ ಹೋಗಬೇಕು?

ಬಿಳಿಜೋಳ_ಗೋಕಾಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಹೊಲ ಘಟಪ್ರಭಾ ಎಡದಂಡೆ ಕಾಲುವೆ ಕೆಳಗೆ ಬರುತ್ತದೆ. ಸರ್ವೆ ನಂಬರ್ ಒಟ್ಟು 7 ಎಕರೆ 8 ಗುಂಟೆ. ಅದರಲ್ಲಿ 3 ಎಕರೆ 20 ಗುಂಟೆಯನ್ನು ನಮ್ಮ ಅಜ್ಜ ಗೇಣಿಗೆ ಮಾಡುತ್ತಿದ್ದರು. ಅರಸು ಕಾಲದಲ್ಲಿ ಫಾರಂ 7 (ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿದರು. ಆ ಅರ್ಜಿಗಳನ್ನು ತೀರ್ಮಾನಿಸುವ ಭೂನ್ಯಾಯ ಮಂಡಳಿ ಅವರ ಪರ ಆದೇಶ ಮಾಡಿತು, ಫಾರಂ 10 (ಹಕ್ಕಿನ ಪ್ರಮಾಣಪತ್ರ) ಕೈಗೆ ಬಂತು. ಉಳಿದ 3 ಎಕರೆ 28 ಗುಂಟೆ ಹಳೇ ಮಾಲೀಕರಲ್ಲೇ ಉಳಿಯಿತು. ಎರಡರ ನಡುವೆ ಒಂದು ಬದು, ಬದುವಿನ ಮೇಲೆ ಎರಡು ಬೇವಿನ ಮರ. ನಾನು ಹುಟ್ಟಿದಾಗಿನಿಂದ ಅದೇ ಗಡಿ.

ಹಳೇ ಮಾಲೀಕರ ಮಕ್ಕಳು ಅವರ ಪಾಲು ಮಾರಿದರು. ತೆಗೆದುಕೊಂಡವರು ಸರ್ವೆಯವರಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿದರು. ಹೊಸ ಕಲ್ಲು ಬೇವಿನ ಮರ ದಾಟಿ ನಮ್ಮ ಕಬ್ಬಿನೊಳಗೆ ಬಂದು ಕೂತಿದೆ. ಲೆಕ್ಕ ಹಾಕಿದರೆ 6 ಗುಂಟೆ ಹೋಗುತ್ತದೆ. ನಾವು ಒಪ್ಪಲಿಲ್ಲ. ಈಗ ಅವರ ವಕೀಲರ ನೋಟಿಸ್ ಬಂದಿದೆ. ಅದರಲ್ಲಿ 6 ಗುಂಟೆ ಮಾತೇ ಬಿಟ್ಟು, ಭೂನ್ಯಾಯ ಮಂಡಳಿ ಕೋರ್ಟೇ ಅಲ್ಲ, ಸರ್ಕಾರ ನೇಮಿಸಿದ ಪಕ್ಷದ ಜನ ಕೂತು ಮಾಡಿದ್ದು, ವಕೀಲರನ್ನು ಒಳಗೆ ಬಿಟ್ಟಿರಲಿಲ್ಲ, ಅದನ್ನು ಸುಪ್ರೀಂ ಕೋರ್ಟ್ ಸಂವಿಧಾನಬಾಹಿರ ಅಂದಿದೆ, ಹಾಗಾಗಿ ನಿಮ್ಮ 3 ಎಕರೆ 20 ಗುಂಟೆಯೇ ನಿಮ್ಮದಲ್ಲ ಅಂತ ಬರೆದಿದ್ದಾರೆ.

ನಮ್ಮ ದೊಡ್ಡಪ್ಪನ ಮಗ ಬೇರೆಯದೇ ಹೇಳುತ್ತಾನೆ. ಸರ್ವೆಯವರಿಗೆ ಗಡಿ ತೀರ್ಮಾನ ಮಾಡುವ ಅಧಿಕಾರವೇ ಸಂವಿಧಾನದಲ್ಲಿ ಇಲ್ಲ, ಸೀದಾ ಧಾರವಾಡ ಹೈಕೋರ್ಟಿಗೆ ರಿಟ್ ಹಾಕೋಣ ಅಂತಾನೆ. ಯಾರದ್ದು ಸರಿ?

ಕಾಯ್ದೆ_ಹುಡುಗ_ಬೆಳಗಾವಿ:

ಅಣ್ಣಾ, ಬೆಳಗಾವಿ ಜಿಲ್ಲೆಯಲ್ಲಿ ಗಡಿ ತಕರಾರು ಅಂದರೆ ನಾನು ಮಹಾರಾಷ್ಟ್ರ-ಕರ್ನಾಟಕ ಗಡಿಯ ಮಹಾಜನ್ ವರದಿ ಅಂದುಕೊಂಡೇ ಒಳಗೆ ಬಂದೆ. ಆ ಕೇಸ್ ಮಹಾರಾಷ್ಟ್ರ 2004ರಲ್ಲಿ ಹಾಕಿದ್ದು, ಇನ್ನೂ ನಡೆದಿದೆ. ನಿಮ್ಮದು ಅಷ್ಟು ಲೇಟ್ ಆಗದಿರಲಿ.

ತಮಾಷೆ ಬಿಡಿ. ನಾನು ಕಾನೂನು ಓದುತ್ತಿದ್ದೇನೆ. ಮೊದಲು ದೊಡ್ಡ ವಿಷಯ. ಕರ್ನಾಟಕ ಭೂಸುಧಾರಣೆ ಕಾಯ್ದೆ 1961ರದ್ದು. ಸಂವಿಧಾನದ ಒಂಬತ್ತನೇ ಅನುಸೂಚಿಯಲ್ಲಿ ಇದೆ, ಅಂದರೆ ಮೂಲಭೂತ ಹಕ್ಕಿಗೆ ವಿರುದ್ಧ ಅಂತ ಪ್ರಶ್ನಿಸದಂತೆ ರಕ್ಷಣೆ ಕೊಟ್ಟ ಕಾಯ್ದೆಗಳ ಪಟ್ಟಿಯಲ್ಲಿ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಮಂಡಳಿಗಳು ಬಂದವು. ಭೂಸುಧಾರಣೆಯ ಜಗಳವೇ ತಾನೇ ಕೇಶವಾನಂದ ಭಾರತಿ ಕೇಸ್ ಹುಟ್ಟಿಸಿದ್ದು? ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಕಾಯ್ದೆ ವಿರುದ್ಧ ಹೋದರು. 1973ರ ಏಪ್ರಿಲ್ 24ಕ್ಕೆ ಬಂದ ತೀರ್ಪಿನಲ್ಲಿ ಸಂವಿಧಾನದ ಮೂಲ ರಚನೆ (ಸಂಸತ್ತೂ ಬದಲಿಸಲಾಗದ ಭಾಗ) ಅನ್ನೋ ತತ್ವ ಸಿಕ್ಕಿತು. ನಮ್ಮ ರಾಜ್ಯದ 1974ರ ತಿದ್ದುಪಡಿಯನ್ನೂ ಸುಪ್ರೀಂ ಕೋರ್ಟ್‌ವರೆಗೆ ಒಯ್ದರು. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಕೇಸಿನಲ್ಲಿ ಕಾಯ್ದೆ ಉಳಿಯಿತು. ಬಿದ್ದದ್ದು 48(8)ನೇ ಕಲಂ ಮಾತ್ರ, ಅಂದರೆ ಮಂಡಳಿ ಮುಂದೆ ವಕೀಲರು ಬರಬಾರದು ಅನ್ನೋ ನಿಯಮ. ನಿಮ್ಮ ನೋಟಿಸ್ ಬರೆದವರು ಆ ಕೊನೇ ಸಾಲು ಹಿಡಿದುಕೊಂಡಿದ್ದಾರೆ, ಮೊದಲ ಭಾಗ ನುಂಗಿದ್ದಾರೆ.

ಡೋಣಿದಂಡೆ_ರೈತ:

ವಕೀಲರನ್ನು ಬಿಡಬಾರದು ಅಂದದ್ದು ಒಳ್ಳೆಯದಕ್ಕೇ ಅಲ್ವಾ? ಗೌಡರಿಗೆ ಬಿಜಾಪುರದಿಂದ ವಕೀಲ ಬರ್ತಾನೆ, ಗೇಣಿ ಮಾಡೋನಿಗೆ ಯಾರು ಬರ್ತಾರೆ? ನಮ್ಮ ಕಾಕಾ ಹೇಳುತ್ತಿದ್ದರು, ಮಂಡಳಿ ಮುಂದೆ ಕೈಕಟ್ಟಿಕೊಂಡು ನಿಂತರೂ ನಮ್ಮ ಭಾಷೆಯಲ್ಲಿ ನಾವೇ ಮಾತಾಡಬಹುದಿತ್ತು ಅಂತ.

ಹಳೇವಕೀಲ_ಜಮಖಂಡಿ:

ಡೋಣಿದಂಡೆಯವರ ಮಾತಿನಲ್ಲಿ ತೂಕ ಇದೆ. ಆ ನಿಯಮ ಬಿದ್ದದ್ದು ಬಡವರಿಗೆ ಅನ್ಯಾಯ ಆಯಿತು ಅಂತ ಅಲ್ಲ. ವಕೀಲರು ಎಲ್ಲಿ ವಾದ ಮಾಡಬಹುದು ಅನ್ನೋದು ಕೇಂದ್ರದ ವಿಷಯ, ಅಡ್ವೊಕೇಟ್ಸ್ ಕಾಯ್ದೆ ಇದೆ, ರಾಜ್ಯದ ಶಾಸನಸಭೆ ಅದಕ್ಕೆ ಅಡ್ಡ ಬರುವಂತಿಲ್ಲ. ಅಷ್ಟೇ ಕಾರಣ. ಮಂಡಳಿ ಮಾಡಿದ ಒಂದೊಂದು ಆದೇಶವೂ ಕಸ ಅಂತ ಆ ತೀರ್ಪು ಹೇಳಲಿಲ್ಲ.

ಈಗ ಗೋಕಾಕದವರಿಗೆ. ನಿಮ್ಮ ನೋಟಿಸಿನಲ್ಲಿ ಮೂರು ಮಾತು ಸೇರಿಸಿ ಕಲಸಿದ್ದಾರೆ. ಬೇರೆ ಮಾಡೋಣ.

ಮಂಡಳಿ ಕೋರ್ಟಲ್ಲ, ನಿಜ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ಕಾನೂನು ಓದಿದವರು ಇರಲೇಬೇಕು ಅಂತ ಇರಲಿಲ್ಲ. ನಾನು ಎಂಬತ್ತರ ದಶಕದಲ್ಲಿ ನೋಡಿದ ಕೆಲವು ಆದೇಶಗಳು ಅರ್ಧ ಪುಟ. "ಅರ್ಜಿದಾರರ ಹೇಳಿಕೆ ಕೇಳಿದೆ, ಉತಾರ (ಪಹಣಿ) ನೋಡಿದೆ, ಅರ್ಜಿ ಮಂಜೂರು." ಸಾಕ್ಷಿ ಏನು ಹೇಳಿದರು, ಮಾಲೀಕ ಏನು ತಕರಾರು ತೆಗೆದ, ಒಂದಕ್ಷರ ಇಲ್ಲ. ಕೆಳಗೆ ಐದು ಸಹಿ, ಒಂದು ರಬ್ಬರ್ ಸೀಲು. ಅಂಥ ಆದೇಶಗಳನ್ನು ಹೈಕೋರ್ಟ್ ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿದ್ದು ಬೇಕಾದಷ್ಟಿದೆ. ಕೆಲವು ಕೇಸು ಎರಡೆರಡು ಸಲ ಹೋಗಿ ಬಂದಿವೆ. ಮಂಡಳಿ ಮೇಲೆ ಮೊದಲಿಗೆ ಅಪೀಲೇ ಇರಲಿಲ್ಲ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ತಂದರು, 1990ರಲ್ಲಿ ತೆಗೆದರು. ಉಳಿದದ್ದು ಹೈಕೋರ್ಟ್ ರಿಟ್ ಒಂದೇ.

ಆದರೆ ರಿಟ್ ಹಾಕಬೇಕಾದವರು ಯಾರು? ಆಗಿನ ಮಾಲೀಕರು. ಯಾವಾಗ? ಆಗ. ಅವರಿಗೆ ನೋಟಿಸ್ ಆಗಿತ್ತು, ಆದೇಶ ಗೊತ್ತಿತ್ತು, ಸುಮ್ಮನೆ ಕೂತರು ಅಂದರೆ ನಲವತ್ತು ವರ್ಷ ಆದಮೇಲೆ ಅವರಿಂದ ಕೊಂಡವರು ಎದ್ದು ಸಂವಿಧಾನ ಅಂದರೆ ಹೈಕೋರ್ಟ್ ಮೊದಲು ಕೇಳೋದೇ ಇಷ್ಟು ದಿನ ಎಲ್ಲಿದ್ದಿರಿ ಅಂತ. ಕೊಂಡವರಿಗೆ ಮಾರಿದವರಿಗಿಂತ ಜಾಸ್ತಿ ಹಕ್ಕು ಬರೋದಿಲ್ಲ. ಮಾಲೀಕರಿಗೆ ನೋಟಿಸೇ ಆಗಿರಲಿಲ್ಲ ಅಂತಾದರೆ ಮಾತ್ರ ಸ್ವಲ್ಪ ಹುಷಾರಾಗಿರಿ. ಮಂಡಳಿಯ ಹಳೇ ಫೈಲ್ ತಾಲೂಕು ಕಚೇರಿ ದಫ್ತರದಿಂದ ತೆಗೆಸಿ. ನೋಟಿಸ್ ಜಾರಿಯಾದ ಹಾಳೆ, ಮಾಲೀಕರ ಹೇಳಿಕೆ, ಎರಡೂ ನಕಲು ಬೇಕು.

ಇನ್ನು ನಿಮ್ಮ ದೊಡ್ಡಪ್ಪನ ಮಗನ ವಿಷಯ. ಅವರಿಗೆ ಹೇಳಿ: ಕೋರ್ಟಲ್ಲದವರು ಮಾಡಿದ್ದೆಲ್ಲ ಸಂವಿಧಾನಬಾಹಿರ ಅಂತ ನೀವೇ ವಾದ ಮಾಡಿದರೆ ನಿಮ್ಮ ಫಾರಂ 10 ಎಲ್ಲಿ ನಿಲ್ಲುತ್ತದೆ? ಕೂತ ಟೊಂಗೆ ಕಡಿದಂತೆ.

ಬಿಳಿಜೋಳ_ಗೋಕಾಕ:

ವಕೀಲ್ ಸಾಹೇಬ್ರೇ, ಇದು ನಮಗೆ ಹೊಳೆದೇ ಇರಲಿಲ್ಲ. ಅವನಿಗೆ ಈಗಲೇ ಫೋನ್ ಮಾಡುತ್ತೇನೆ.

ಕಾಯ್ದೆ_ಹುಡುಗ_ಬೆಳಗಾವಿ:

ಸರ್, ಒಂದು ಡೌಟು. 323ಬಿ ವಿಧಿಯಲ್ಲಿ ಭೂಸುಧಾರಣೆಗೆ ಮಂಡಳಿ ಮಾಡಬಹುದು ಅಂತ ಇದೆಯಲ್ಲ. ಹಾಗಿದ್ದ ಮೇಲೆ ಹೈಕೋರ್ಟ್ ಹೇಗೆ ಕೈ ಹಾಕಿತು?

ಹಳೇವಕೀಲ_ಜಮಖಂಡಿ:

ತಮ್ಮಾ, ವರ್ಷ ನೋಡು. ನಮ್ಮ ಮಂಡಳಿ 1974ರದ್ದು. 323ಬಿ ಬಂದದ್ದು 42ನೇ ತಿದ್ದುಪಡಿಯಲ್ಲಿ, ತುರ್ತುಪರಿಸ್ಥಿತಿ ಕಾಲಕ್ಕೆ, 1977ರ ಜನವರಿಯಿಂದ ಜಾರಿ. ಅದರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ಎಲ್ಲ ಕೋರ್ಟಿನ ಅಧಿಕಾರ ತೆಗೆಯಬಹುದು ಅಂತ ಒಂದು ಕಲಂ ಇತ್ತು. 1997ರಲ್ಲಿ ಚಂದ್ರಕುಮಾರ್ ಕೇಸಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಕಿತ್ತು ಹಾಕಿತು. 226 ಮತ್ತು 227ನೇ ವಿಧಿಯಲ್ಲಿ ಹೈಕೋರ್ಟಿಗೆ ಇರುವ ಪರಿಶೀಲನೆಯ ಅಧಿಕಾರ ಮೂಲ ರಚನೆಯ ಭಾಗ, ಯಾವ ಮಂಡಳಿಯೂ ಅದಕ್ಕಿಂತ ಮೇಲಲ್ಲ. ಮಂಡಳಿ ಇರಲಿ, ಮೊದಲ ಮೆಟ್ಟಿಲಾಗಿ ಕೆಲಸ ಮಾಡಲಿ, ಮೇಲಿನ ದಾರಿ ಮುಚ್ಚಬೇಡಿ ಅಂದಂತೆ.

ಆಮೇಲಿನ ದೊಡ್ಡ ಕೇಸುಗಳು, ಮದ್ರಾಸ್ ಬಾರ್ ಅಸೋಸಿಯೇಷನ್‌ದು, 2010, 2014, 2020, 2021, ಎಲ್ಲ ಮಂಡಳಿಯಲ್ಲಿ ಯಾರು ಕೂರಬೇಕು, ಎಷ್ಟು ವರ್ಷ, ಯಾರು ನೇಮಿಸಬೇಕು ಅನ್ನೋದರ ಮೇಲೆ. ಅವು ಕಂಪನಿ, ತೆರಿಗೆ ಇತ್ಯಾದಿ. ನಮ್ಮ ಹೊಲದ ಬದುವಿಗೆ ನೇರವಾಗಿ ಬರೋದಿಲ್ಲ, ಪರೀಕ್ಷೆಗೆ ಓದಿಕೋ.

ಸರಪಳಿ_ಇಂಡಿ:

ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಇಷ್ಟು ಹೊತ್ತು ಸಂವಿಧಾನ ಓದಿದೆ, ಚೆನ್ನಾಗಿದೆ. ನನ್ನದು ಒಂದೇ ಪ್ರಶ್ನೆ. ಆ ನಂಬರ್ ಪೋಡಿ ಆಗಿದೆಯಾ, ಅಂದರೆ ಇಬ್ಬರ ಪಾಲು ಅಳೆದು ದಾಖಲೆಯಲ್ಲಿ ಬೇರೆ ಬೇರೆ ಮಾಡಿದ್ದಾರಾ?

ಯಾಕೆ ಕೇಳುತ್ತೇನೆ ಅಂದರೆ, ಹದ್ದುಬಸ್ತು ಅಂದರೆ ದಾಖಲೆಯಲ್ಲಿ ಇರುವ ಗಡಿಯನ್ನು ನೆಲದ ಮೇಲೆ ತೋರಿಸುವುದು. ಹೊಸ ಗಡಿ ಹುಟ್ಟಿಸುವುದಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಮೂರೂ ಜಿಲ್ಲೆ ಹಳೇ ಮುಂಬೈ ಪ್ರಾಂತ್ಯದವು. ಆಗಿನ ಸರ್ವೆಯವರು 33 ಅಡಿಯ ಸರಪಳಿ ಎಳೆದು ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹೊಲದ ನಡುವೆ ಒಂದು ಆಧಾರ ರೇಖೆ, ಅದರಿಂದ ಎಡಕ್ಕೆ ಬಲಕ್ಕೆ ಗೆರೆ, ತಿರುವು ಇದ್ದಲ್ಲೆಲ್ಲ ಬಾಂದು ಕಲ್ಲು. ಇದೆಲ್ಲ ಟಿಪ್ಪಣಿಯಲ್ಲಿ (ಸರ್ವೆಯವರ ಮೂಲ ಅಳತೆ ದಾಖಲೆ) ಸರಪಳಿ, ಆಣೆ (ಸರಪಳಿಯ ಹದಿನಾರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿರುತ್ತದೆ. ಟಿಪ್ಪಣಿ ಹಿಡಿದುಕೊಂಡು ಹೋದರೆ 7 ಎಕರೆ 8 ಗುಂಟೆಯ ಹೊರಗಿನ ಗಡಿ ಯಾರು ಬೇಕಾದರೂ ಹಚ್ಚಬಹುದು. ಈಗ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಬಂದಿದೆ, ಇನ್ನೂ ಬೇಗ ಆಗುತ್ತದೆ.

ಒಳಗಿನ ಗೆರೆ? ಅದು ಟಿಪ್ಪಣಿಯಲ್ಲಿ ಇರೋದಿಲ್ಲ. ಭೂನ್ಯಾಯ ಮಂಡಳಿ ನಿಮ್ಮ ಅಜ್ಜನಿಗೆ ಸರ್ವೆ ನಂಬರಿನ ಪೈಕಿ 3 ಎಕರೆ 20 ಗುಂಟೆ ಅಂತ ಬರೆದಿರುತ್ತದೆ. "ಪೈಕಿ" ಅಷ್ಟೇ. ಜಾಸ್ತಿ ಅಂದರೆ ಪೂರ್ವಕ್ಕೆ ಅಂತ ಇರಬಹುದು. ನಕ್ಷೆ ಹಚ್ಚಿದ ಫಾರಂ 10 ನಾನು ಕಂಡಿದ್ದು ಕಡಿಮೆ. ಪೋಡಿ ಆಗಿ, ಹಿಸ್ಸಾ ನಕ್ಷೆ ಆಗಿ, ಆಕಾರಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಕಂದಾಯದ ಪುಸ್ತಕ) ತಿದ್ದುಪಡಿ ಆದಮೇಲೆ ಮಾತ್ರ ಒಳಗಿನ ಗಡಿ ದಾಖಲೆಗೆ ಬರುತ್ತದೆ. ಪೋಡಿ ಇಲ್ಲದ ನಂಬರಿನಲ್ಲಿ ಇಬ್ಬರ ನಡುವೆ ಹದ್ದುಬಸ್ತು ಕಲ್ಲು ಹೇಗೆ ಹಾಕಿದರು? ಯಾವ ಕಾಗದದ ಮೇಲೆ ಹಾಕಿದರು? ಅದನ್ನು ಮೊದಲು ಕೇಳಿ.

ಬಸವನಾಡು_ಅಕ್ಕ:

ಸರಪಳಿ ಅಣ್ಣಾರೇ, ಕೈ ಮುಗಿದೆ. ನಮ್ಮ ತವರಿನಲ್ಲೂ ಇದೇ ಆಗಿದೆ, ಅಣ್ಣತಮ್ಮಂದಿರು ಮಾತಾಡೋದು ಬಿಟ್ಟಿದ್ದಾರೆ. ಉತಾರದಲ್ಲಿ ಎಲ್ಲರ ಹೆಸರೂ ಒಂದೇ ನಂಬರಿನ ಕೆಳಗೆ ಸಾಲಾಗಿ ಇವೆ, ಯಾರದು ಎಲ್ಲಿ ಅಂತ ದೇವರಿಗೇ ಗೊತ್ತು.

ಡೋಣಿದಂಡೆ_ರೈತ:

ಕಂದಾಯದವರು ಬರೆದದ್ದೇ ಕಾಯಂ ಅಂತ ಹೆದರಿಸೋದು ನಮ್ಮ ಜಿಲ್ಲೆಗೆ ಹೊಸದಲ್ಲ. 2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲೂಕಿನ ಹೊನವಾಡದಿಂದ ಶುರುವಾದದ್ದು ಎಲ್ಲರಿಗೂ ನೆನಪಿದೆ. ವಕ್ಫ್ ಅಂತ ರೈತರಿಗೆ ನೋಟಿಸ್ ಹೋಯಿತು, ಗಲಾಟೆ ಆಯಿತು, ನವೆಂಬರ್‌ನಲ್ಲಿ ಸರ್ಕಾರ ನೋಟಿಸ್ ವಾಪಸ್ ತೆಗೆಯಲು ಹೇಳಿತು. ಅಲ್ಲೂ ಒಂದು ಟ್ರಿಬ್ಯುನಲ್ ಇದೆ ಅಲ್ವಾ?

ಅಡ್ಮಿನ್:

ಈ ವಿಷಯ ಬಂದದ್ದಕ್ಕೆ ಮೊದಲೇ ಹೇಳುತ್ತೇನೆ. ಕಾನೂನಿನ ಮಾತು ಇರಲಿ. ಧರ್ಮದ ಜಗಳ ತಂದರೆ ಕಾಮೆಂಟ್ ತೆಗೆಯಲಾಗುವುದು.

ಹಳೇವಕೀಲ_ಜಮಖಂಡಿ:

ಕಾನೂನಿನದ್ದೇ ಹೇಳುತ್ತೇನೆ, ಯಾಕೆಂದರೆ ಇಲ್ಲಿಗೆ ಹೊಂದುತ್ತದೆ. 1995ರ ವಕ್ಫ್ ಕಾಯ್ದೆಯ 83ನೇ ಕಲಂನಲ್ಲಿ ಟ್ರಿಬ್ಯುನಲ್ ಇದೆ. 2025ರ ತಿದ್ದುಪಡಿಯಲ್ಲಿ, ಆಸ್ತಿ ಸರ್ಕಾರದ್ದೋ ವಕ್ಫ್‌ದೋ ಅಂತ ಸರ್ಕಾರ ನೇಮಿಸಿದ ಅಧಿಕಾರಿಯೇ ವಿಚಾರಣೆ ಮಾಡಿ, ಕಂದಾಯ ದಾಖಲೆ ತಿದ್ದಿಸಬಹುದು ಅಂತ ತಂದರು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 15ರಂದು ಬಂದ ಮಧ್ಯಂತರ ಆದೇಶದಲ್ಲಿ ಆ ಭಾಗಕ್ಕೆ ತಡೆ ಸಿಕ್ಕಿತು. ಪೂರ್ತಿ ಕಾಯ್ದೆಗೆ ತಡೆ ಕೊಡಲಿಲ್ಲ. ಕೊಟ್ಟ ಕಾರಣ ಗಮನಿಸಿ: ಜಮೀನಿನ ಹಕ್ಕು ಯಾರದು ಅಂತ ಕಂದಾಯ ಅಧಿಕಾರಿ ತೀರ್ಮಾನ ಮಾಡುವುದು ಅಧಿಕಾರ ವಿಂಗಡಣೆಗೆ ವಿರುದ್ಧ. ವಕ್ಫ್ ಪರ ಇರುವವರಿಗೂ ವಿರುದ್ಧ ಇರುವವರಿಗೂ ಆ ಕಾರಣ ಒಂದೇ. ಇನ್ನೊಂದು ಕೇಸಿನಲ್ಲಿ ಅದೇ ಕಾರಣ ನಿಮ್ಮ ಪರವೂ ಬರಬಹುದು.

ನಮ್ಮ ರಾಜ್ಯದ ಕಾಯ್ದೆಯೂ ಇದನ್ನು ಮೊದಲಿನಿಂದ ಒಪ್ಪಿದೆ. 1964ರ ಭೂಕಂದಾಯ ಕಾಯ್ದೆಯ 61ನೇ ಕಲಂ ಕೆಲವು ವಿಷಯ ಕಂದಾಯ ಕೋರ್ಟಿಗೆ ಮಾತ್ರ ಅನ್ನುತ್ತದೆ. ಜನ ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. ಪಕ್ಕದ 62 ಓದಿ. ಖಾಸಗಿಯವರ ನಡುವೆ ಹಕ್ಕಿನ ದಾವೆ ಸಿವಿಲ್ ಕೋರ್ಟಿನಲ್ಲಿ ನಡೆಯಬಹುದು ಅಂತ ಸ್ಪಷ್ಟ ಇದೆ. 133ರಲ್ಲಿ ಉತಾರದ ನಮೂದು ಸರಿ ಅಂತ ಊಹೆ ಮಾಡಬೇಕು, ಆದರೆ ತಪ್ಪು ಅಂತ ಸಾಬೀತು ಆಗುವವರೆಗೆ ಮಾತ್ರ. 135ರಲ್ಲಿ ಹಕ್ಕು ಘೋಷಣೆಯ ದಾವೆಗೆ ದಾರಿ ಬಿಟ್ಟಿದ್ದಾರೆ, ಡಿಕ್ರಿ ಬಂದಂತೆ ನಮೂದು ತಿದ್ದಬೇಕು. ಹೀಗೆ ದಾರಿ ಬಿಟ್ಟಿರುವುದರಿಂದಲೇ 140ರಲ್ಲಿ ಸರ್ವೆ ಅಧಿಕಾರಿಗೆ ಗಡಿ ಗುರುತಿಸುವ ಅಧಿಕಾರ ಕೊಟ್ಟದ್ದಕ್ಕೆ ಸಂವಿಧಾನದ ತೊಂದರೆ ಬರೋದಿಲ್ಲ. ಅಳತೆ ಅವರದು, ಹಕ್ಕು ಸಿವಿಲ್ ಕೋರ್ಟಿನದು. ದೊಡ್ಡಪ್ಪನ ಮಗನ ರಿಟ್ ಮೊದಲ ದಿನವೇ ವಾಪಸ್ ಬರುತ್ತದೆ, ಬೇರೆ ದಾರಿ ಇದೆಯಲ್ಲ ಅಂತ.

ಬಿಳಿಜೋಳ_ಗೋಕಾಕ:

ಅಪ್‌ಡೇಟ್. ನಕಲು ತೆಗೆಸಿದೆ. ಪೋಡಿ ಆಗಿಲ್ಲ! ಅವರು ಖರೀದಿ ಮಾಡುವಾಗ 11ಇ ನಕ್ಷೆ (ನಂಬರಿನ ಒಂದು ಭಾಗ ಮಾರಲು ನೋಂದಣಿಗೆ ಮುಂಚೆ ಬೇಕಾದ ಅಳತೆ ನಕ್ಷೆ) ಮಾಡಿಸಿದ್ದಾರೆ. ಆ ನಕ್ಷೆಯ ಗೆರೆ ಮೇಲೆಯೇ ಕಲ್ಲು ಹಾಕಿದ್ದಾರೆ. ನಕ್ಷೆಯಲ್ಲಿ ಗೆರೆ ನೆಟ್ಟಗೆ ಇದೆ. ನೆಲದ ಮೇಲೆ ನಮ್ಮ ಬದು ಕಾಲುವೆ ಕಡೆ ಸ್ವಲ್ಪ ಸೊಟ್ಟ ತಿರುಗುತ್ತದೆ, ಬೇವಿನ ಮರ ಇರೋದು ಆ ತಿರುವಿನಲ್ಲೇ. ನಮಗೆ ಯಾವ ನೋಟಿಸೂ ಬಂದಿಲ್ಲ. ಫೈಲಿನಲ್ಲಿ ನಮ್ಮ ಅಪ್ಪನ ಹೆಸರಿನ ಮುಂದೆ ಒಂದು ಹೆಬ್ಬೆಟ್ಟು ಇದೆ. ಅಪ್ಪ ಸಹಿ ಮಾಡುತ್ತಾರೆ, ಪೋಸ್ಟಾಫೀಸ್ ಪುಸ್ತಕದಲ್ಲೂ ಸಹಿಯೇ ಇದೆ.

ಸರಪಳಿ_ಇಂಡಿ:

ಸಿಕ್ಕಿತು ನೋಡಿ. ಆ ಹೆಬ್ಬೆಟ್ಟಿನ ಹಾಳೆಗೆ ದೃಢೀಕೃತ ನಕಲು ತೆಗೆದುಕೊಳ್ಳಿ, ಫೋಟೋ ಸಾಕಾಗೋದಿಲ್ಲ. ಸ್ವಾಧೀನ ಇದ್ದ ಹಾಗೆ ಅಳೆಯದೆ ಟೇಬಲ್ ಮೇಲೆ ಗೆರೆ ಎಳೆದರೆ ಹೀಗೇ ನೆಟ್ಟಗೆ ಬರುತ್ತದೆ. ಹೊಲದ ಬದು ನೆಟ್ಟಗಿರೋದು ಅಪರೂಪ.

ಕಾಯ್ದೆ_ಹುಡುಗ_ಬೆಳಗಾವಿ:

ಇದು ಸಹಜ ನ್ಯಾಯದ ಪ್ರಶ್ನೆ ಆಯಿತಲ್ಲ ಸರ್, ನೋಟಿಸ್ ಇಲ್ಲದೆ ಆದೇಶ. ಈಗಾದರೂ ರಿಟ್ ಹಾಕಬಹುದಾ?

ಹಳೇವಕೀಲ_ಜಮಖಂಡಿ:

ಹಾಕಬಹುದು. ಹಾಕಿದರೆ ಹೈಕೋರ್ಟ್ ಹೆಚ್ಚಂದರೆ ಏನು ಮಾಡುತ್ತದೆ? ನಕ್ಷೆ ರದ್ದು, ಮತ್ತೆ ನೋಟಿಸ್ ಕೊಟ್ಟು ಅಳೆಯಿರಿ ಅಂತ ಅದೇ ಕಚೇರಿಗೆ ವಾಪಸ್. ಧಾರವಾಡಕ್ಕೆ ಓಡಾಡಿ ಬಂದು ಅದೇ ಮೆಟ್ಟಿಲ ಮೇಲೆ ಕೂರಬೇಕು. ಹೆಬ್ಬೆಟ್ಟು ಯಾರದು ಅಂತ ರಿಟ್‌ನಲ್ಲಿ ಸಾಕ್ಷಿ ವಿಚಾರಣೆ ಆಗೋದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಒಂದು ಕಡೆ ಆ 11ಇ ನಕ್ಷೆ ಮತ್ತು ಹದ್ದುಬಸ್ತಿನ ಮೇಲೆ ಅಪೀಲು. ತಾಲೂಕು ಸರ್ವೆಯರ್ ಅಳತೆ ಮೇಲೆ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕ), ಅವರ ಮೇಲೆ ಡಿಡಿಎಲ್‌ಆರ್ (ಉಪನಿರ್ದೇಶಕ). ಅವಧಿ ಮುಗಿಯೋಕೆ ಮುಂಚೆ ಹಾಕಿ, ಮುಗಿದಿದ್ದರೆ ಗೊತ್ತಾದ ದಿನಾಂಕ ಬರೆದು ವಿಳಂಬ ಮನ್ನಾ ಅರ್ಜಿ ಸೇರಿಸಿ. ಇನ್ನೊಂದು ಕಡೆ ಗೋಕಾಕ ಸಿವಿಲ್ ಕೋರ್ಟಿನಲ್ಲಿ ಘೋಷಣೆ ಮತ್ತು ನಿರ್ಬಂಧಕಾಜ್ಞೆ ದಾವೆ. ಅಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 26ನೇ ಆದೇಶ 9ನೇ ನಿಯಮದ ಕೆಳಗೆ, ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ಕೇಳಿ. ಸಾಮಾನ್ಯವಾಗಿ ಎಡಿಎಲ್‌ಆರ್ ಅವರನ್ನೇ ನೇಮಿಸುತ್ತಾರೆ, ಆದರೆ ಆಗ ಅವರು ಕೋರ್ಟಿನ ಪರವಾಗಿ ಅಳೆಯಬೇಕು, ಎರಡೂ ಕಡೆಯವರ ಎದುರಿಗೆ. ಗಡಿ ಜಗಳದಲ್ಲಿ ಕಮಿಷನರ್ ನೇಮಿಸಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹರಿಯಾಣ ವಕ್ಫ್ ಮಂಡಳಿಯ ಕೇಸಿನಲ್ಲಿ ಹೇಳಿದೆ. ವರದಿ ಬಂದಾಗ ಸರ್ವೆಯರನ್ನು ಪಾಟೀಸವಾಲಿಗೆ ಕರೆಯಬಹುದು. ಮಂಡಳಿ ಮುಂದೆ, ಕಂದಾಯ ಕಚೇರಿ ಮುಂದೆ ಸಿಗದೇ ಇದ್ದದ್ದು ಇದೇ.

ಮೂಲ ಹಕ್ಕಿಗೆ ಅವರು ಕೈ ಹಾಕಿದರೆ, ಅಂದರೆ ನಿಮ್ಮ ಅಜ್ಜ ಗೇಣಿದಾರರೇ ಅಲ್ಲ ಅಂತ ಸಿವಿಲ್ ಕೋರ್ಟಿನಲ್ಲಿ ಹೇಳಿದರೆ, ಭೂಸುಧಾರಣೆ ಕಾಯ್ದೆಯ 132 ಮತ್ತು 133 ತೋರಿಸಿ. ಆ ಪ್ರಶ್ನೆ ಸಿವಿಲ್ ಕೋರ್ಟ್ ತೀರ್ಮಾನಿಸುವಂತಿಲ್ಲ, ಮಂಡಳಿಯದೇ. ಮಂಡಳಿ ಆಗಲೇ ತೀರ್ಮಾನಿಸಿದೆ.

ಬಸವನಾಡು_ಅಕ್ಕ:

ಇಷ್ಟೆಲ್ಲ ಕೋರ್ಟು ಯಾಕೆ, ಊರ ಹಿರಿಯರನ್ನು ಕೂರಿಸಿ ಮುಗಿಸೋಕೆ ಆಗಲ್ವಾ? 6 ಗುಂಟೆಗೆ ಎಷ್ಟು ಖರ್ಚು?

ಡೋಣಿದಂಡೆ_ರೈತ:

ಅಕ್ಕಾರೇ, ಹಿರಿಯರು ಒಂದು ಮಾತು ಹೇಳಿದರೆ ಮೊದಲು ನಡೆಯುತ್ತಿತ್ತು. ಈಗ ಪಂಚರಲ್ಲೂ ಎರಡು ಪಾರ್ಟಿ. ಮತ್ತೆ ಕಾಲುವೆ ಕೆಳಗಿನ ಹೊಲ, 6 ಗುಂಟೆ ಅಂದರೆ ಸಣ್ಣ ರೊಕ್ಕ ಅಲ್ಲ.

ಹಳೇವಕೀಲ_ಜಮಖಂಡಿ:

ಕೂರಿಸಿ, ತಪ್ಪೇನಿಲ್ಲ. ಆದರೆ ಬಿಳಿ ಹಾಳೆ ಮೇಲೆ ಬರೆದು ಮನೆಗೆ ಹೋಗಬೇಡಿ, ನಾಳೆ ಅದನ್ನು ಯಾರೂ ಕೇಳೋದಿಲ್ಲ. ರಾಜಿ ಆದರೆ ಅಳತೆ ನಕ್ಷೆ ಸಮೇತ ಲೋಕ ಅದಾಲತ್‌ನಲ್ಲಿ ಇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅದು ಡಿಕ್ರಿಗೆ ಸಮ, ಅಪೀಲೂ ಇಲ್ಲ. ಆಮೇಲೆ ಅದರ ಮೇಲೆಯೇ ಪೋಡಿ ಮಾಡಿಸಬಹುದು.

ಸರಪಳಿ_ಇಂಡಿ:

ವಕೀಲರೇ, ನಮ್ಮ ಇಂಡಿ ಕಡೆಯವರೂ ಇದನ್ನು ಓದುತ್ತಿರುತ್ತಾರೆ. ಹೈಕೋರ್ಟ್ ಅಂದರೆ ಎಲ್ಲರೂ ಧಾರವಾಡ ಅಂದುಕೊಳ್ಳುತ್ತಾರೆ, ಸ್ವಲ್ಪ ಹೇಳಿ.

ಹಳೇವಕೀಲ_ಜಮಖಂಡಿ:

ಬೆಳಗಾವಿ, ಬಾಗಲಕೋಟೆ ಧಾರವಾಡ ಪೀಠಕ್ಕೆ. ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಬಂದವು, 2013ರಲ್ಲಿ ಕಾಯಂ ಆದವು. ಅದಕ್ಕೂ ಮುಂಚೆ ಒಂದು ರಿಟ್‌ಗೆ ಬೆಂಗಳೂರಿನ ರಾತ್ರಿ ಬಸ್ಸೇ ಗತಿ. ಮಂಡಳಿ ಮೇಲೆ ರಿಟ್ ಒಂದೇ ದಾರಿ ಅಂತ ಬರೆದಿದ್ದೆನಲ್ಲ, ಆಗಿನ ಗೇಣಿದಾರರಿಗೂ ಸಣ್ಣ ಮಾಲೀಕರಿಗೂ ಆ ದಾರಿ ಕಾಗದದ ಮೇಲೆ ಮಾತ್ರ ಇತ್ತು. ಇದನ್ನು ಯಾವ ತೀರ್ಪಿನಲ್ಲೂ ಅಷ್ಟು ಗಟ್ಟಿಯಾಗಿ ಬರೆದಿಲ್ಲ ಅಂತ ನನಗೆ ಈಗಲೂ ಸಿಟ್ಟಿದೆ.

ಬಿಳಿಜೋಳ_ಗೋಕಾಕ:

ನಿನ್ನೆ ಹೊಲ ಕೊಂಡವರ ಮಗ ಸಿಕ್ಕಿದ್ದ. ಹೆಬ್ಬೆಟ್ಟಿನ ಮಾತು ತೆಗೆದೆ, ಮುಖ ಸಪ್ಪೆ ಆಯಿತು. ಏಜೆಂಟ್ ಮಾಡಿಸಿದ್ದು, ನಮಗೆ ಗೊತ್ತಿಲ್ಲ ಅಂದ. ಕಬ್ಬು ಕಟಾವು ಆದಮೇಲೆ ಇಬ್ಬರೂ ಸೇರಿ ಜಂಟಿ ಅಳತೆಗೆ ಅರ್ಜಿ ಕೊಡೋಣ ಅಂತಾನೆ. ಮಂಡಳಿ ಆದೇಶದ ಬಗ್ಗೆ ಬರೆದ ನೋಟಿಸ್ ವಾಪಸ್ ತೆಗೆದುಕೊಂಡರೆ ಸರಿ ಅಂದೆ. ಅಪೀಲು ಮಾತ್ರ ಬಿಡೋದಿಲ್ಲ, ಸೋಮವಾರ ಹಾಕುತ್ತಿದ್ದೇನೆ.

ಸರಪಳಿ_ಇಂಡಿ:

ಹಾಕಿ. ಜಂಟಿ ಅಳತೆ ದಿನ ಮೂಲ ಟಿಪ್ಪಣಿ, ಆಕಾರಬಂದ್, ಫಾರಂ 10, ಮೂರರ ನಕಲೂ ಕೈಯಲ್ಲಿರಲಿ. ಮೊದಲು ಹೊರಗಿನ ಬಾಂದು ಕಲ್ಲು ಹುಡುಕಿಸಿ. ಕಬ್ಬಿನ ಹೊಲದಲ್ಲಿ ಅವು ಮಣ್ಣಿನೊಳಗೆ ಒಂದೂವರೆ ಅಡಿ ಕೆಳಗೆ ಹೋಗಿರುತ್ತವೆ, ಹಾರೆ ತೆಗೆದುಕೊಂಡು ಹೋಗಿ. ಹೊರಗಡೆ ಒಟ್ಟು 7 ಎಕರೆ 8 ಗುಂಟೆ ಕೂಡುತ್ತದೋ ಇಲ್ಲವೋ ನೋಡದೆ ಒಳಗಿನ ಗೆರೆಗೆ ಕೈ ಹಾಕಲು ಬಿಡಬೇಡಿ. ಕಾಲುವೆಗೆ ಹಿಂದೆ ಭೂಸ್ವಾಧೀನ ಆಗಿದ್ದರೆ ಅಲ್ಲೇ ಎರಡು ಮೂರು ಗುಂಟೆ ಕಡಿಮೆ ಬರಬಹುದು. ಆಗ ಆ ಕಡಿತ ಯಾರ ಪಾಲಿಗೆ ಅನ್ನೋದು ಬೇರೆ ಪ್ರಶ್ನೆ. ಪಂಚನಾಮೆಗೆ ಓದದೆ ಸಹಿ ಮಾಡಬೇಡಿ, ಅಪ್ಪನಿಂದ ಸಹಿಯೇ ಮಾಡಿಸಿ.